ಎಪ್ಪತ್ತೆರಡು ಕಡ್ಡಿಗಳ ಲೆಕ್ಕ

ಕಳೆದ ದಸರಾ ರಜೆಯ ಒಂದು ಸಂಜೆ. ಎಂಟನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಸೈಕಲ್ಲನ್ನು ತುಳಿಯದೆ ನೂಕಿಕೊಂಡು ಮನೆಗೆ ಬಂದಳು. ಗೇಟಿನ ಮರೆಯಲ್ಲಿ ಅದನ್ನು ನಿಲ್ಲಿಸಿ, ಸದ್ದಿಲ್ಲದೆ ಒಳಗೆ ಹೋಗಿ, ಕೈಕಾಲು ತೊಳೆದು ಪುಸ್ತಕ ಹಿಡಿದು ಕೂತಳು. ಯಾರೂ ಹೇಳದೆ ಅವಳು ಪುಸ್ತಕ ಹಿಡಿದಳೆಂದರೆ ಏನೋ ಆಗಿದೆ ಎಂದೇ ಅರ್ಥ. ಹೊಸಪೇಟೆಯ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು.

ನಾನು ಹೊರಗೆ ಹೋಗಿ ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಿ ತಿರುಗಿಸಿದೆ. ರಿಮ್ಮು ಹಾವಿನಂತೆ ಅತ್ತಿತ್ತ ಹೊರಳುತ್ತ, ಪ್ರತಿ ಸುತ್ತಿಗೂ ಬ್ರೇಕಿನ ರಬ್ಬರಿಗೆ ಉಜ್ಜಿ 'ಚರ್ರ್' ಎಂದಿತು. ಎರಡು ಕಡ್ಡಿ ಮುರಿದಿದ್ದವು.

"ಬಿದ್ದೆಯೇನೇ?" ಎಂದೆ.

"ಇಲ್ಲ ತಾತ. ಗುಂಡಿಯಲ್ಲಿ ಇಳೀತು ಅಷ್ಟೆ. ಗೆಳತಿ ಹಿಂದೆ ಕೂತಿದ್ದಳು."

"ಕಡ್ಡಿ ಮುರಿದದ್ದು ಇವತ್ತೇನಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೋದ ತಿಂಗಳು. ಎರಡೇ ಎರಡು ಕಡ್ಡಿ ತಾತ. ಇನ್ನೂ ಅಷ್ಟೊಂದು ಇವೆಯಲ್ಲ!"

ಬೈಯಬೇಕೆಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. 'ಇನ್ನೂ ಅಷ್ಟೊಂದು ಇವೆಯಲ್ಲ' ಎಂಬ ಈ ಮಾತನ್ನು ೧೯೭೧ರಲ್ಲಿ ನಾನೇ ನನ್ನ ಮನಸ್ಸಿಗೆ ಹೇಳಿಕೊಂಡಿದ್ದೆ. ಅದರ ಬೆಲೆಯನ್ನು ತೆತ್ತವಳು ನನ್ನ ತಂಗಿ.

ಆಗ ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದೆ. ನಮ್ಮದು ಕಂಪ್ಲಿಯಿಂದ ಹತ್ತು ಕಿಲೋಮೀಟರ್ ದೂರದ ಹಳ್ಳಿ. ತಂಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಪರೀಕ್ಷಾ ಕೇಂದ್ರ ಕಂಪ್ಲಿಯಲ್ಲಿ. ದಿನಾ ಅವಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಬರುವುದು ನನ್ನ ಕೆಲಸ. ಹಿಂದಿನ ಗಾಲಿಯಲ್ಲಿ ಒಂದೇ ಕಡೆ ಮೂರು ಕಡ್ಡಿ ಮುರಿದದ್ದನ್ನು ನೋಡಿ ಅಪ್ಪ ಎರಡು ರೂಪಾಯಿ ಕೊಟ್ಟು, "ಇವತ್ತೇ ರಿಪೇರಿ ಮಾಡಿಸು" ಎಂದಿದ್ದರು. ಊರ ಹೊರಗಿನ ಟೆಂಟಿನಲ್ಲಿ ರಾಜ್‌ಕುಮಾರ್ ಸಿನಿಮಾ ಬಂದಿತ್ತು. ಎರಡು ರೂಪಾಯಿ ಅಲ್ಲಿಗೆ ಹೋಯಿತು. ನಾಲ್ವತ್ತರಲ್ಲಿ ಮೂರು ತಾನೇ, ಇನ್ನೂ ಅಷ್ಟೊಂದು ಇವೆಯಲ್ಲ ಎಂದುಕೊಂಡೆ. ಅಪ್ಪ ಕೇಳಿದಾಗ "ಮಾಡಿಸಿದೆ" ಎಂದೆ.

ಮರುದಿನ ಗಣಿತದ ಪರೀಕ್ಷೆ. ಬೆಳಿಗ್ಗೆ ಎಂಟಕ್ಕೆ ಹೊರಟೆವು. ಕಾಲುವೆ ದಂಡೆಯ ದಾರಿ, ಬಂಡಿ ಜಾಡು ಬಿದ್ದ ಮಣ್ಣಿನ ರಸ್ತೆ. ಆರು ಕಿಲೋಮೀಟರ್ ದಾಟಿದ್ದೆವು. ಜಾಡಿನೊಳಕ್ಕೆ ಇಳಿದ ಹಿಂದಿನ ಗಾಲಿಯನ್ನು ಪಕ್ಕಕ್ಕೆ ಎಳೆದು ಮೇಲೆ ಹತ್ತಿಸಲು ಹೋದೆ. 'ಟಣ್ ಟಣ್' ಎಂದು ಎರಡು ಸದ್ದು. ಮರುಕ್ಷಣ ಇಬ್ಬರೂ ನೆಲದ ಮೇಲಿದ್ದೆವು. ಎದ್ದು ನೋಡಿದರೆ ಗಾಲಿ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

ತಂಗಿಯ ಮೊಣಕಾಲಿನಲ್ಲಿ ರಕ್ತ. ಅವಳು "ನಡೆದೇ ಹೋಗೋಣ ಅಣ್ಣ" ಎಂದಳು. ನಾನು ಕೇಳಲಿಲ್ಲ. ಗಾಲಿಯನ್ನು ಕಾಲಲ್ಲಿ ಮೆಟ್ಟಿ, ಮರಕ್ಕೆ ಬಡಿದು ನೆಟ್ಟಗೆ ಮಾಡಲು ನಲವತ್ತು ನಿಮಿಷ ಹೆಣಗಿದೆ. ಅಪ್ಪನಿಗೆ ಗೊತ್ತಾಗಬಾರದು ಎಂಬ ಒಂದೇ ಹಟ. ಕೊನೆಗೆ ಸೈಕಲ್ಲನ್ನು ಯಾರದೋ ಹೊಲದ ಬದುವಿನಲ್ಲಿ ಬಿಟ್ಟು ನಡೆದೆವು. ಅವಳು ಕುಂಟುತ್ತಿದ್ದಳು. ತಲುಪಿದಾಗ ಹತ್ತು ಗಂಟೆ ಇಪ್ಪತ್ತು ನಿಮಿಷ. ಒಳಗೆ ಬಿಡುವ ಹೊತ್ತು ಇಪ್ಪತ್ತು ನಿಮಿಷದ ಹಿಂದೆ ಮುಗಿದಿತ್ತು.

ಅಪ್ಪನಿಗೆ ನಾನು ಹೇಳಿದ್ದು: "ದಾರಿ ಕೆಟ್ಟದಿತ್ತು, ಹೊಸ ಕಡ್ಡಿಗಳೂ ಮುರಿದವು."

ಅಕ್ಟೋಬರಿನಲ್ಲಿ ತಂಗಿ ಗಣಿತ ಬರೆದು ಪಾಸಾದಳು, ಒಳ್ಳೆಯ ಅಂಕವೇ ಬಂತು. ಆದರೆ ಶಿಕ್ಷಕರ ತರಬೇತಿಗೆ ಸೇರುವ ಆ ವರ್ಷದ ಅವಕಾಶ ತಪ್ಪಿತ್ತು. ಮುಂದಿನ ವರ್ಷದ ಹೊತ್ತಿಗೆ ಮನೆಯಲ್ಲಿ ಅವಳ ಮದುವೆಯ ಮಾತು ಶುರುವಾಗಿತ್ತು.

* * *

ಆ ಬೇಸಿಗೆ ರಜೆಯಲ್ಲಿ ನಾನು ಕಂಪ್ಲಿಯ ಒಂದು ಸೈಕಲ್ ಅಂಗಡಿಯಲ್ಲಿ ಎರಡು ತಿಂಗಳು ಕೆಲಸ ಮಾಡಿದೆ. ಹೊಸ ರಿಮ್ಮಿನ ದುಡ್ಡು ತೀರಿಸಬೇಕಿತ್ತು. ಅಂಗಡಿಯ ಯಜಮಾನರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನನ್ನ ಹಪ್ಪಳದ ಗಾಲಿಯನ್ನು ನೋಡಿ ಅವರು ಬೈಯಲಿಲ್ಲ. ಒಂದು ಕಡ್ಡಿಯನ್ನು ಕೈಗೆ ಕೊಟ್ಟು, "ಇದನ್ನ ಬಗ್ಗಿಸು ಬೇಟಾ" ಎಂದರು. ಎರಡೇ ಬೆರಳಲ್ಲಿ ಬಗ್ಗಿತು. ಇನ್ನೊಂದನ್ನು ಕೊಟ್ಟು, "ಈಗ ಎಳೆದು ತುಂಡು ಮಾಡು" ಎಂದರು. ನಾನಲ್ಲ, ನನ್ನಂಥ ಇಬ್ಬರು ಜೋತುಬಿದ್ದರೂ ಅದು ತುಂಡಾಗುವಂಥದ್ದಲ್ಲ.

ಮಕ್ಕಳೇ, ಸೈಕಲ್ ಗಾಲಿಯ ಗುಟ್ಟೆಲ್ಲ ಇದರಲ್ಲೇ ಇದೆ. ಸುಮಾರು ೨ ಮಿಲಿಮೀಟರ್ ದಪ್ಪದ ಆ ಉಕ್ಕಿನ ತಂತಿ ಎರಡು ಕ್ವಿಂಟಲ್ ತೂಕವನ್ನು ನೇತುಹಾಕಿದರೂ ತಡೆಯುತ್ತದೆ. ಆದರೆ ಅದರ ಮೇಲೆ ಭಾರ ಇಟ್ಟು ಒತ್ತಿದರೆ ಸುಲಭವಾಗಿ ಬಾಗುತ್ತದೆ. ಬಾವಿ ಹಗ್ಗದ ಹಾಗೆ: ಅದರಿಂದ ಕೊಡವನ್ನು ಮೇಲಕ್ಕೆ ಎಳೆಯಬಹುದು, ಕೆಳಕ್ಕೆ ನೂಕಲಾಗದು.

ಬಂಡಿಯ ಗಾಲಿ ಇದಕ್ಕೆ ತಿರುಗುಮುರುಗು. ಅದರ ಮರದ ಕಾಲುಗಳು ದಪ್ಪ. ಕಂಬದ ಹಾಗೆ ಭಾರವನ್ನು ಒತ್ತಿ ಹಿಡಿಯುತ್ತವೆ. ಸುತ್ತಲಿನ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ, ನೀರು ಸುರಿಯುತ್ತಿದ್ದರು. ಪಟ್ಟಿ ತಣ್ಣಗಾಗಿ ಕುಗ್ಗಿ, ಮರದ ಸಂದುಗಳನ್ನೆಲ್ಲ ಹೊರಗಿನಿಂದ ಅದುಮಿ ಬಿಗಿ ಮಾಡುತ್ತಿತ್ತು. ಸೈಕಲ್ಲಿನಲ್ಲಿ ಕಡ್ಡಿಗಳು ಒಳಗಿನಿಂದ ರಿಮ್ಮನ್ನು ನಡುವಿನ ಹಬ್ಬಿನ ಕಡೆಗೆ ಎಳೆದು ಹಿಡಿಯುತ್ತವೆ. ಒಂದೊಂದು ಕಡ್ಡಿಯ ಸೆಳೆತವೂ ಹಲವು ಹತ್ತು ಕಿಲೋ ತೂಕಕ್ಕೆ ಸಮ. ಹೀಗೆ ಎಲ್ಲ ಕಡೆಯಿಂದ ಎಳೆಸಿಕೊಂಡು, ತಾನು ಬಾಗದೆ ದುಂಡಗೆ ನಿಲ್ಲುವುದೇ ರಿಮ್ಮಿನ ಕೆಲಸ.

ನೀವು ಸೀಟಿನ ಮೇಲೆ ಕೂತಾಗ ಏನಾಗುತ್ತದೆ? ನೆಲಕ್ಕೆ ತಾಗಿರುವ ಕಡೆ ರಿಮ್ಮು ಕಣ್ಣಿಗೆ ಕಾಣದಷ್ಟು ಚಪ್ಪಟೆಯಾಗುತ್ತದೆ. ಆ ಜಾಗದ ನಾಲ್ಕಾರು ಕಡ್ಡಿಗಳ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಗಾಲಿ ಮುಂದೆ ಉರುಳಿದ ಕೂಡಲೇ ಅವು ಮತ್ತೆ ಬಿಗಿಯಾಗಿ, ಮುಂದಿನವು ಸಡಿಲವಾಗುತ್ತವೆ. ಹೀಗೆ ಪ್ರತಿ ಸುತ್ತಿಗೆ ಪ್ರತಿಯೊಂದು ಕಡ್ಡಿಯೂ ಒಮ್ಮೆ ಸಡಿಲ, ಒಮ್ಮೆ ಬಿಗಿ.

ಇಲ್ಲಿ ನನ್ನ ಗುಮಾಸ್ತನ ಬುದ್ಧಿ ಲೆಕ್ಕ ಹಾಕದೆ ಬಿಡುವುದಿಲ್ಲ. ೨೮ ಇಂಚಿನ ಗಾಲಿ ಒಂದು ಕಿಲೋಮೀಟರಿಗೆ ಸುಮಾರು ೪೫೦ ಸುತ್ತು ಸುತ್ತುತ್ತದೆ. ಬ್ಯಾಂಕಿಗೆ ಹೋಗಿ ಬರಲು ನಾನು ದಿನಕ್ಕೆ ೬ ಕಿಲೋಮೀಟರ್ ತುಳಿಯುತ್ತಿದ್ದೆ. ವರ್ಷಕ್ಕೆ ೨೮೦ ದಿನ, ಹೀಗೆ ೨೦ ವರ್ಷ. ಒಟ್ಟು ೩೩,೬೦೦ ಕಿಲೋಮೀಟರ್, ಅಂದರೆ ಒಂದೂವರೆ ಕೋಟಿ ಸುತ್ತು! ತಂತಿಯೊಂದನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕೊನೆಗೆ ಅದು ತುಂಡಾಗುತ್ತದಲ್ಲವೇ? ಕಡ್ಡಿಯೂ ಹೀಗೆಯೇ ದಣಿಯುತ್ತದೆ. ಬಿಗಿ ಕಡಿಮೆ ಇರುವ ಕಡ್ಡಿ ಹೆಚ್ಚು ಅಲುಗಾಡಿ ಬೇಗ ದಣಿಯುತ್ತದೆ. ಸಾಮಾನ್ಯವಾಗಿ ಮುರಿಯುವುದು ಹಬ್ಬಿನ ಹತ್ತಿರ ಅದು ಕೊಕ್ಕೆಯಂತೆ ಬಾಗಿರುವ ಜಾಗದಲ್ಲಿ.

ನಮ್ಮ ಕಾಲದ ಕರಿ ಸೈಕಲ್ಲಿನ ಮುಂದಿನ ಗಾಲಿಗೆ ೩೨ ಕಡ್ಡಿ, ಹಿಂದಿನದಕ್ಕೆ ೪೦. ಒಟ್ಟು ೭೨. ತುಳಿಯುವವನ ಭಾರದ ಹೆಚ್ಚಿನ ಪಾಲು, ಕ್ಯಾರಿಯರಿನ ಮೂಟೆ, ಚೈನಿನ ಎಳೆತ ಎಲ್ಲ ಬೀಳುವುದು ಹಿಂದಿನ ಗಾಲಿಗೆ. ಅದಕ್ಕೇ ಎಂಟು ಆಳು ಹೆಚ್ಚು. ಕಡ್ಡಿಗಳು ನೇರವಾಗಿ ಹೊರಡದೆ ಒಂದನ್ನೊಂದು ಅಡ್ಡ ದಾಟಿ ಹೋಗುವುದನ್ನೂ ಗಮನಿಸಿ. ಪೆಡಲ್ ತುಳಿದಾಗ ಹಬ್ಬು ತಿರುಚಿಕೊಳ್ಳುತ್ತದೆ; ಆ ತಿರುಚುವ ಬಲವನ್ನು ರಿಮ್ಮಿಗೆ ಮುಟ್ಟಿಸಲು ಓರೆ ಕಡ್ಡಿಯೇ ಬೇಕು. ೧೮೭೪ರಲ್ಲಿ ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ ಈ ಉಪಾಯಕ್ಕೆ ಪೇಟೆಂಟ್ ಪಡೆದ. ಇಂದಿಗೂ ಅದೇ ನಡೆಯುತ್ತಿದೆ.

ಇನ್ನು ರಿಮ್ಮು. ಒಂದು ಕಾಗದದ ಪಟ್ಟಿಯನ್ನು ತುದಿಯಲ್ಲಿ ಹಿಡಿದು ಅಡ್ಡಲಾಗಿ ಚಾಚಿ, ಜೋತುಬೀಳುತ್ತದೆ. ಅದರ ಎರಡೂ ಅಂಚನ್ನು ಉದ್ದಕ್ಕೆ ಮಡಚಿ ಮತ್ತೆ ಚಾಚಿ, ನೆಟ್ಟಗೆ ನಿಲ್ಲುತ್ತದೆ. ಕಾಗದ ಅದೇ, ತೂಕವೂ ಅದೇ, ಬದಲಾದದ್ದು ಆಕಾರ ಮಾತ್ರ. ಅಡುಗೆಮನೆಯ ಸ್ಟೀಲ್ ತಟ್ಟೆಯ ಅಂಚನ್ನು ಸುರುಳಿ ಮಾಡಿರುವುದೂ ಇದಕ್ಕೇ. ಕರಿ ಸೈಕಲ್ಲಿನ ಉಕ್ಕಿನ ರಿಮ್ಮನ್ನು ಹೀಗೆಯೇ ಮಾಡುತ್ತಾರೆ. ಉದ್ದನೆಯ ಉಕ್ಕಿನ ಪಟ್ಟಿಯ ಅಂಚುಗಳನ್ನು ಸುರುಳಿ ಮಡಚಿ, ದುಂಡಗೆ ಬಗ್ಗಿಸಿ, ಎರಡು ತುದಿ ಸೇರಿಸಿ ಬೆಸುಗೆ ಹಾಕುತ್ತಾರೆ. ಆ ಬೆಸುಗೆ ಸಾಮಾನ್ಯವಾಗಿ ಗಾಳಿ ತುಂಬುವ ವಾಲ್ವಿನ ತೂತಿಗೆ ಸರಿಯಾಗಿ ಎದುರಿಗಿರುತ್ತದೆ. ಬೆರಳಾಡಿಸಿ ಹುಡುಕಿ, ಸಿಕ್ಕೀತು.

ಮೊಮ್ಮಗಳ ಸೈಕಲ್ಲಿನದು ಅಲ್ಯೂಮಿನಿಯಂ ಮಿಶ್ರಲೋಹದ ರಿಮ್ಮು. ಅದನ್ನು ಮಾಡುವ ಬಗೆ ಅಜ್ಜಿಯಂದಿರಿಗೆ ಬೇಗ ಅರ್ಥವಾಗುತ್ತದೆ. ಚಕ್ಕುಲಿ ಒರಳಿನಲ್ಲಿ ಹಿಟ್ಟು ಒತ್ತಿದ ಹಾಗೆ, ಕಾಯಿಸಿದ ಲೋಹವನ್ನು ಅಚ್ಚಿನ ಮೂಲಕ ಒತ್ತುತ್ತಾರೆ. ಅಚ್ಚಿನ ಆಕಾರ ಹೇಗೋ ಹೊರಬರುವ ಪಟ್ಟಿಯೂ ಹಾಗೆ. ಒಳಗೆ ಪೊಳ್ಳು ಬಿಟ್ಟು, ಮೇಲೊಂದು ಕೆಳಗೊಂದು ಎರಡು ಗೋಡೆ ಇರುವಂತೆಯೂ ಒತ್ತಬಹುದು. ಇದೇ 'ಡಬಲ್ ವಾಲ್' ರಿಮ್ಮು. ಬಿದಿರು ಪೊಳ್ಳಾಗಿದ್ದರೂ ಗಟ್ಟಿಯಲ್ಲವೇ, ಹಾಗೆ. ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದರಷ್ಟು. ಹಾಗಾಗಿ ದಪ್ಪನೆಯ ಪೆಟ್ಟಿಗೆಯಾಕಾರ ಕೊಟ್ಟರೂ ಗಾಲಿ ಹಗುರ.

ಹಾಗೆಂದು ಉಕ್ಕು ಕೆಟ್ಟದ್ದಲ್ಲ. ಉಕ್ಕಿನ ರಿಮ್ಮು ಬಾಗಿದರೆ ಒಂದಷ್ಟು ಮಟ್ಟಿಗೆ ತಟ್ಟಿ ಸರಿಮಾಡಬಹುದು. ಅಲ್ಯೂಮಿನಿಯಂ ರಿಮ್ಮು ದಣಿದರೆ ಕಡ್ಡಿಯ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಬಿರುಕು ಕಂಡರೆ ಮತ್ತೆ ಮಾತಿಲ್ಲ, ರಿಮ್ಮು ಬದಲಿಸಲೇಬೇಕು. ಉಕ್ಕಿನ ಶತ್ರು ತುಕ್ಕು. ಮೇಲಿನ ಹೊಳಪಿನ ಲೇಪ ಸವೆದ ಕಡೆ, ಕಡ್ಡಿಯ ತೂತುಗಳಲ್ಲಿ ನೀರು ಇಳಿದ ಕಡೆ ಅದು ಒಳಗಿಂದೊಳಗೇ ತಿನ್ನುತ್ತದೆ. ನಾನು ಬೀಳಿಸಿದ ಆ ಗಾಲಿಯ ಟೈರು ಬಿಚ್ಚಿದಾಗ ಒಳಗೆಲ್ಲ ಇಟ್ಟಿಗೆ ಬಣ್ಣದ ಪುಡಿ ಉದುರಿತ್ತು.

ಮಳೆಯಲ್ಲಿ ಇನ್ನೊಂದು ವ್ಯತ್ಯಾಸ ಗೊತ್ತಾಗುತ್ತದೆ. ಕೆಲವು ವರ್ಷ ನಾನು ಸಂಡೂರಿನಲ್ಲಿ ಕೆಲಸದಲ್ಲಿದ್ದೆ. ಅಲ್ಲಿನ ಬೆಟ್ಟಗಳ ಅದಿರು ಇಂದು ತೋರಣಗಲ್ಲಿನ ಕುಲುಮೆಗಳಲ್ಲಿ ಉಕ್ಕಾಗುತ್ತದೆ. ಒಂದು ಮಳೆಗಾಲದ ಸಂಜೆ ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಸೈಕಲ್ಲು ನಿಲ್ಲಲೇ ಇಲ್ಲ. ನುಣುಪಾದ ಉಕ್ಕು ಒದ್ದೆಯಾದರೆ ರಬ್ಬರು ಅದರ ಮೇಲೆ ಜಾರುತ್ತದೆ. ಕಾಲನ್ನು ನೆಲಕ್ಕೆ ಉಜ್ಜಿ, ಚಪ್ಪಲಿ ಸವೆಸಿ ಜೀವ ಉಳಿಸಿಕೊಂಡೆ. ಅಲ್ಯೂಮಿನಿಯಂ ಮೇಲೆ ಬ್ರೇಕು ಇದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದಿರಿನ ಕೆಂಧೂಳು ಮಳೆಯಲ್ಲಿ ಕಲಸಿ ಬ್ರೇಕಿಗೆ ಮೆತ್ತಿದರೆ ಉಪ್ಪುಕಾಗದದಂತೆ ರಿಮ್ಮಿನ ಪಕ್ಕವನ್ನು ತೇಯುತ್ತದೆ. ಒರೆಸಿ ಇಟ್ಟವರಿಗೆ ಬಾಳಿಕೆ.

* * *

ಚಾಚಾ ನನಗೆ ಕಲಿಸಿದ ದೊಡ್ಡ ವಿದ್ಯೆ ಗಾಲಿಯ 'ಔಟ್' ತೆಗೆಯುವುದು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಗಾಲಿ ತಿರುಗಿಸಬೇಕು. ರಿಮ್ಮು ಬಲಕ್ಕೆ ವಾಲಿದ ಜಾಗದಲ್ಲಿ ಎಡಗಡೆಯ ಕಡ್ಡಿಯನ್ನು ಕಾಲು ಸುತ್ತು ಬಿಗಿಮಾಡಬೇಕು, ಬಲಗಡೆಯದನ್ನು ಕಾಲು ಸುತ್ತು ಸಡಿಲಿಸಬೇಕು. ಒಂದನ್ನೇ ಬಿಗಿಯುತ್ತ ಹೋದರೆ ಗಾಲಿ ದುಂಡಗೆ ಉಳಿಯುವುದಿಲ್ಲ. ಮುಂದೆ ಬ್ಯಾಂಕಿಗೆ ಸೇರಿ ಲೆಡ್ಜರ್ ಬರೆಯುವಾಗ ನನಗೆ ನಗು ಬರುತ್ತಿತ್ತು. ಈ ಕಡೆ ಡೆಬಿಟ್ ಆದರೆ ಆ ಕಡೆ ಅಷ್ಟೇ ಕ್ರೆಡಿಟ್ ಆಗಬೇಕು. ಸಂಜೆ ಹತ್ತು ಪೈಸೆ ಟ್ಯಾಲಿ ಆಗದಿದ್ದರೂ ಮನೆಗೆ ಹೋಗುವಂತಿಲ್ಲ. ಚಾಚಾ ಅಂಗಡಿಯ ಕಾಯಿದೆಯೂ ಅದೇ ಆಗಿತ್ತು.

ಕೊನೆಗೆ ಅವರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಿದ್ದರು. ಒಂದೇ ಪಕ್ಕದ ಕಡ್ಡಿಗಳೆಲ್ಲ ಒಂದೇ ಶ್ರುತಿಯಲ್ಲಿ 'ಟಿಣ್' ಎನ್ನಬೇಕು. 'ಟುಂಯ್' ಎಂದದ್ದು ಸಡಿಲ. ಸೋಮಾರಿ ಕಡ್ಡಿಯ ಭಾರವನ್ನು ಅಕ್ಕಪಕ್ಕದವು ಹೊರುತ್ತವೆ ಎನ್ನುತ್ತಿದ್ದರು.

೨೦೨೪ರ ಆಗಸ್ಟಿನಲ್ಲಿ ನಮ್ಮ ತುಂಗಭದ್ರಾ ಜಲಾಶಯದ ೩೩ ಗೇಟುಗಳಲ್ಲಿ ೧೯ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋದಾಗ ನನಗೆ ಚಾಚಾ ಮಾತು ನೆನಪಾಯಿತು. ಅಲ್ಲಿ ಚೈನು ಹೋದದ್ದು ಊರಿಗೆಲ್ಲ ಆ ರಾತ್ರಿಯೇ ಗೊತ್ತಾಯಿತು. ಸೈಕಲ್ಲಿನ ಕಡ್ಡಿ ಮುರಿದರೆ ಹಾಗಲ್ಲ. ಉಳಿದವು ಸುಮ್ಮನೆ ಅದರ ಪಾಲನ್ನೂ ಹೊತ್ತು ಗಾಲಿಯನ್ನು ಉರುಳಿಸುತ್ತಲೇ ಇರುತ್ತವೆ. ಅದು ಗಾಲಿಯ ದೊಡ್ಡ ಗುಣ. ನಮ್ಮಂಥ ಅಲಕ್ಷ್ಯದವರಿಗೆ ಅದೇ ಮೋಸ. ಹೊರಲಾರದಷ್ಟು ಆದ ದಿನ ಅದು ಮೊದಲೇ ಹೇಳಿ ಬೀಳುವುದಿಲ್ಲ.

* * *

ಮೊಮ್ಮಗಳನ್ನು ಮರುದಿನ ಬಸ್ಸಿನಲ್ಲಿ ಹಂಪಿಗೆ ಕರೆದುಕೊಂಡು ಹೋದೆ. ಕಂಪ್ಲಿಯಿಂದ ನನ್ನ ತಂಗಿಯೂ ಬಂದಿದ್ದಳು. ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮುಂದೆ ನಿಂತು ಮೊಮ್ಮಗಳು ಜೇಬಿನ ಐವತ್ತು ರೂಪಾಯಿ ನೋಟು ತೆಗೆದು ಹೋಲಿಸಿ ನೋಡಿದಳು. ೨೦೧೭ರಲ್ಲಿ ಬಂದ ನೋಟು ಅದು. ನಾನು ಕೌಂಟರಿನಲ್ಲಿ ಎಣಿಸುವ ಭಾಗ್ಯ ಇರಲಿಲ್ಲ, ಅಷ್ಟರಲ್ಲಿ ನಿವೃತ್ತನಾಗಿದ್ದೆ.

"ತಾತ, ಈ ಗಾಲಿಗೆ ತೆಳ್ಳನೆ ಕಡ್ಡಿ ಯಾಕಿಲ್ಲ?"

ಕಲ್ಲು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ ಎಂದೆ. ತೆಳ್ಳನೆಯ ಕಲ್ಲಿನ ಕಡ್ಡಿ ನಿಲ್ಲದು. ಅದಕ್ಕೇ ದಪ್ಪನೆಯ ಇಡೀ ತಟ್ಟೆಯಂಥ ಗಾಲಿ, ಮೇಲೆ ಹೂಬಳ್ಳಿಯ ಕೆತ್ತನೆ. ಹಿಂದೆ ಈ ಗಾಲಿಗಳನ್ನು ತಿರುಗಿಸಬಹುದಿತ್ತು ಎನ್ನುತ್ತಾರೆ; ಈಗ ಅಲುಗದಂತೆ ಭದ್ರಪಡಿಸಿದ್ದಾರೆ. ಇಡೀ ರಥವೂ ಒಂದೇ ಬಂಡೆಯದಲ್ಲ, ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿದ್ದು. ಯಾವ ವಸ್ತುವಿಗೆ ಯಾವ ಬಲ ಇದೆಯೋ ಅದಕ್ಕೆ ತಕ್ಕ ಆಕಾರ ಕೊಟ್ಟವರು ಅವರು.

ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಮೊಮ್ಮಗಳಿಗೆ ೧೯೭೧ರ ಕಥೆ ಹೇಳಿದೆ. ಟೆಂಟ್ ಸಿನಿಮಾ, ಎರಡು ರೂಪಾಯಿ, ಅಪ್ಪನಿಗೆ ಹೇಳಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ತಂಗಿ ಎದುರಿಗೇ ಕೂತಿದ್ದಳು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅವಳಿಗೆ ಹೇಳಲಾಗದ್ದನ್ನು ಮಗುವಿನ ನೆಪದಲ್ಲಿ ಹೇಳಿದ್ದೆ. ತಲೆ ಎತ್ತಲು ಧೈರ್ಯ ಬರಲಿಲ್ಲ.

ಅವಳು ಮೊಸರನ್ನ ಕಲಸುತ್ತಲೇ ಹೇಳಿದಳು: "ಮೂವತ್ತೇಳು ಇದ್ದವು ಅಣ್ಣ."

"ಏನು?"

"ಕಡ್ಡಿ. ಆ ದಿನ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಎಣಿಸಿದ್ದೆ. ಮಾಡಿಸಿಲ್ಲ ಅಂತ ನನಗೂ ಗೊತ್ತಿತ್ತು. ಹೇಳಿದರೆ ಅಪ್ಪ ನಿನ್ನ ಹೊಡೀತಿದ್ರು. ಪರೀಕ್ಷೆ ದಿನ ಮನೇಲಿ ರಂಪ ಯಾಕೆ ಅಂತ ಸುಮ್ಮನಿದ್ದೆ. ಹತ್ತೇ ಕಿಲೋಮೀಟರ್, ಹೋಗಿಬಿಡ್ತೀವಿ ಅಂದ್ಕೊಂಡೆ."

ತಂಗಿ ಶಿಕ್ಷಕಿಯಾಗಲಿಲ್ಲ. ಮದುವೆಯಾಗಿ, ಮುಂದೆ ಅಂಗನವಾಡಿ ಕಾರ್ಯಕರ್ತೆಯಾಗಿ ಬಹಳ ವರ್ಷ ಮಕ್ಕಳಿಗೆ ಎಣಿಕೆ ಕಲಿಸಿದಳು. "ಅದರಿಂದ ನನಗೇನೂ ನಷ್ಟ ಆಗಲಿಲ್ಲ" ಎಂದು ಅವಳು ಹೇಳಲಿಲ್ಲ. ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಒಂದು ತುತ್ತು ಮೊಸರನ್ನವನ್ನು ನನ್ನ ಕೈಗೆ ಹಾಕಿದಳು.

ಸಂಜೆ ಮನೆಗೆ ಬಂದು ಚಾಚಾ ಕೊಟ್ಟಿದ್ದ ನಿಪ್ಪಲ್ ಪಾನಾ ಹುಡುಕಿ ತೆಗೆದೆ. ಮುರಿದ ಕಡ್ಡಿಗಳು ಎಡಗಡೆಯವು. ಬಲಗಡೆಯವಾಗಿದ್ದರೆ ಫ್ರೀವೀಲ್ ಬಿಚ್ಚಬೇಕಿತ್ತು. ಅದೇ ಅಳತೆಯ ಎರಡು ಹೊಸ ಕಡ್ಡಿ ತಂದು ಹಾಕಿದೆವು. ರಿಮ್ಮಿನ ತೂತುಗಳ ಸುತ್ತ ಬಿರುಕಿಲ್ಲವೆಂದು ಬ್ಯಾಟರಿ ಬಿಟ್ಟು ನೋಡಿದೆವು. ಮೊಮ್ಮಗಳು ಕಾಲು ಕಾಲು ಸುತ್ತು ತಿರುಗಿಸಿದಳು, ನಾನು ಕಣ್ಣಿಟ್ಟು ಹೇಳಿದೆ. ಒಂದು ಗಂಟೆಯಲ್ಲಿ 'ಚರ್ರ್' ನಿಂತಿತು.

ನೀವೂ ವಾರಕ್ಕೊಮ್ಮೆ ಐದು ನಿಮಿಷ ಕೊಡಿ. ಟೈರಿಗೆ ಗಾಳಿ ಸರಿಯಾಗಿರಲಿ. ಗಾಳಿ ಕಡಿಮೆಯಿದ್ದರೆ ಗುಂಡಿಯ ಏಟು ನೇರವಾಗಿ ರಿಮ್ಮಿನ ಅಂಚಿಗೆ ಬೀಳುತ್ತದೆ. ಗಾಲಿ ಎತ್ತಿ ತಿರುಗಿಸಿ, ವಾಲುತ್ತದೆಯೇ ನೋಡಿ. ಕಡ್ಡಿಗಳನ್ನು ಮೀಟಿ ಸದ್ದು ಕೇಳಿ. ಒಂದು ಮುರಿದರೂ ಅಂದೇ ಹಾಕಿಸಿ. ಅದಕ್ಕಿಂತ ಮೊದಲು ಮನೆಯಲ್ಲಿ ಹೇಳಿ. ದೊಡ್ಡವರೇ, ಮಕ್ಕಳು ಬಂದು ಹೇಳಿದಾಗ ಬೈಯಬೇಡಿ. ಬೈಗುಳದ ಹೆದರಿಕೆಯಿಂದಲೇ ನಮ್ಮ ಮನೆಯಲ್ಲಿ ಇಬ್ಬರು ಬಾಯಿ ಮುಚ್ಚಿಕೊಂಡಿದ್ದರು.

ಗಾಲಿ ಸರಿಯಾದ ಖುಷಿಯಲ್ಲಿ ಮೊಮ್ಮಗಳು ಒಂದು ಸುತ್ತು ಹೊರಟಳು. ಜಗುಲಿಯ ಮೇಲಿದ್ದ ತಂಗಿ ತಡೆದಳು.

"ಹಿಂದಿನ ಗಾಲಿಗೆ ಎಷ್ಟು ಕಡ್ಡಿ?"

"ಮೂವತ್ತಾರು, ಕಂಪ್ಲಿ ಅಜ್ಜಿ."

"ಎಣಿಸಿದೆಯಾ?"

"ಇಲ್ಲ, ತಾತ ಹೇಳಿದ್ರು."

"ನಿಮ್ಮ ತಾತ ಹೇಳಿದ್ದನ್ನು ನಂಬಬೇಡ. ಎಣಿಸು."

ಮೊಮ್ಮಗಳು ನಗುತ್ತ ಇಳಿದು, ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ವಾಲ್ವಿನಿಂದ ಶುರುಮಾಡಿದಳು. ಒಂದು, ಎರಡು, ಮೂರು...